ಬೀದಿ ನಲ್ಲಿಯ ಕಾವೇರಿ

ನಮ್ಮ ಮನೆಯಲ್ಲಿ ‘ತಾತನ ವಡೆ ಕಥೆ’ ಎಂದು ಒಂದಿದೆ. ನೆಂಟರು ಬಂದಾಗ, ಮೊಮ್ಮಕ್ಕಳು ಊಟಕ್ಕೆ ಹಟ ಮಾಡಿದಾಗ ಅದನ್ನು ಹೇಳುತ್ತೇನೆ, ಎಲ್ಲರೂ ನಗುತ್ತಾರೆ. ವಡೆ ತಿನ್ನುವ ಆಸೆಗೆ ಬಿದ್ದು ಒಂದು ಚೊಂಬು ಕಾವೇರಿ ನೀರು ಚೆಲ್ಲಿದ್ದು, ಊರಿಗೆ ಬಂದು ಬೀದಿ ನಲ್ಲಿಯಲ್ಲಿ ಚೊಂಬು ತುಂಬಿಸಿಕೊಂಡು ಪೂಜೆಗೆ ಕೊಟ್ಟಿದ್ದು. ಇಷ್ಟು ವರ್ಷ ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದೇನೆ. ಮುಂದಿನ ಭಾಗದಲ್ಲಿ ನಗು ಕಡಿಮೆ, ಮತ್ತು ಅದರಲ್ಲಿ ನಾನು ಒಳ್ಳೆಯವನಲ್ಲ. ವಯಸ್ಸಾಯಿತು, ಪೂರ್ತಿ ಬರೆದಿಡುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಚಾಮರಾಜಪೇಟೆಯ ಒಂದು ರೇಷ್ಮೆ ಹುರಿ ಕಾರ್ಖಾನೆಗೆ ಸೇರಿದೆ. ಎಪ್ಪತ್ತರ ದಶಕದ ಆರಂಭ ಅದು. ರೇಷ್ಮೆಯ ಒಂಟಿ ಎಳೆ ಮಗ್ಗದ ಏಟು ತಡೆಯುವುದಿಲ್ಲ. ಎರಡು ಮೂರು ಎಳೆ ಸೇರಿಸಿ ಹುರಿ ಮಾಡಿಯೇ ನೇಕಾರರಿಗೆ ಕೊಡಬೇಕು. ನಮ್ಮ ಕೆಲಸ ಅಷ್ಟೇ. ಬೀದಿಯ ಕಡೆಗೆ ಯಜಮಾನರ ಮನೆ, ಹಿಂದೆ ಹೆಂಚಿನ ಶೆಡ್ಡು, ನಡುವಿನ ಅಂಗಳದಲ್ಲಿ ಒಂದು ತೆಂಗಿನ ಮರ. ಶೆಡ್ಡಿನ ಒಂದು ಬದಿಯಲ್ಲಿ ಹೆಂಗಸರು ಲಡಿಯಿಂದ ಎಳೆ ಬಿಡಿಸಿ ಬಾಬಿನ್ನಿಗೆ ಸುತ್ತುತ್ತಿದ್ದರು, ಇನ್ನೊಂದು ಬದಿಯಲ್ಲಿ ಕದಿರುಗಳ ಸಾಲುಗಳು ತಿರುಗುತ್ತಿದ್ದವು. ಮೊದಮೊದಲು ಎಣ್ಣೆ ಬಿಡುವ ಕೆಲಸ ಮಾಡಿದೆ, ಆಮೇಲೆ ಫಿಟ್ಟರ್ ಆದೆ.

ಯಾರಾದರೂ ಹೊಸಬರು ಬಂದರೆ ಯಜಮಾನರು ಒಂದು ಮಾತು ಹೇಳುತ್ತಿದ್ದರು: “ನಮ್ದು ನೀರಲ್ಲಿ ಓಡೋ ಫ್ಯಾಕ್ಟರಿ ಸ್ವಾಮಿ.” ಬಂದವರು ಸುತ್ತ ನೋಡುತ್ತಿದ್ದರು. ಚಾಮರಾಜಪೇಟೆಯಲ್ಲಿ ಹೊಳೆ ಎಲ್ಲಿಂದ ಬರಬೇಕು? ಆಗ ಯಜಮಾನರು ಅವರ ತಂದೆಯ ಕಥೆ ತೆಗೆಯುತ್ತಿದ್ದರು.

ತಂದೆಯ ಕಾಲಕ್ಕೆ ಹುರಿ ಮಾಡುವುದು ಕೈಯಲ್ಲೇ ನಡೆಯುತ್ತಿತ್ತಂತೆ. ಒಬ್ಬ ಆಳು ಆಳೆತ್ತರದ ಚಕ್ರ ತಿರುಗಿಸಬೇಕು, ಇನ್ನೊಬ್ಬ ಓಣಿಯ ತುದಿಯವರೆಗೆ ಎಳೆ ಹಿಡಿದು ನಡೆಯಬೇಕು. ಮಳೆ ಬಂದರೆ ಕೆಲಸವಿಲ್ಲ, ಮದುವೆ ದಿಬ್ಬಣ ಬಂದರೆ ಕೆಲಸವಿಲ್ಲ. ಶಿವನಸಮುದ್ರದಿಂದ ಕರೆಂಟು ಬಂದು ಪೇಟೆಯವರಿಗೆಲ್ಲ ಸಿಗುವಂತಾದಾಗ ಅವರು ಸಾಲ ಮಾಡಿ ಒಂದು ಮೋಟಾರು ತಂದರು. ಚಕ್ರ ತಿರುಗಿಸುತ್ತಿದ್ದ ಆಳಿನ ತೋಳು ಸೋತಿದ್ದನ್ನು ದಿನವೂ ನೋಡಿದ್ದವರು, ಈ ಕಬ್ಬಿಣ ತನ್ನಷ್ಟಕ್ಕೆ ತಿರುಗುವುದನ್ನು ನೋಡಿ ಬೆರಗಾಗಿ, ಇದನ್ನು ತಿರುಗಿಸುವವರು ಯಾರು ಎಂದು ನೋಡಲಿಕ್ಕೇ ಜಲಪಾತಕ್ಕೆ ಹೋದರಂತೆ. ನೀರು ಬೀಳುವುದನ್ನು ದಿನವೆಲ್ಲ ನೋಡಿ, ಬರುವಾಗ ಒಂದು ಹಿತ್ತಾಳೆ ಚೊಂಬಿನಲ್ಲಿ ಅದೇ ನೀರು ಹಿಡಿದು ತಂದು, ಮೈನ್ ಸ್ವಿಚ್ಚಿನ ಪಕ್ಕದ ಗೂಡಿನಲ್ಲಿಟ್ಟರು.

ಅಲ್ಲಿಂದ ಒಂದು ಪದ್ಧತಿ ಬಂತು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಒಬ್ಬರು ಶಿವನಸಮುದ್ರಕ್ಕೆ ಹೋಗಿ ಹೊಸ ನೀರು ತರಬೇಕು, ದಾರಿಯಲ್ಲಿ ಚೊಂಬನ್ನು ನೆಲಕ್ಕೆ ಇಡಬಾರದು. ಹಳೆಯ ನೀರು ತೆಂಗಿನ ಬುಡಕ್ಕೆ. ಪೂಜೆಗೆ ಪುರೋಹಿತರಿಲ್ಲ. “ಎಳೆ ಹಿಡಿಯೋ ಕೈಯೇ ಪೂಜೆ ಮಾಡ್ಲಿ” ಎಂದು ಆ ಹಿರಿಯರು ಹೇಳಿಟ್ಟಿದ್ದರು. ಹಾಗಾಗಿ ಸುತ್ತುವ ಸಾಲಿನ ಹೆಂಗಸರಿಗೆ ಯಾರು ಮುಖ್ಯಸ್ಥೆಯೋ ಅವಳೇ ಎಲ್ಲ ಯಂತ್ರಕ್ಕೂ ನೀರು ಚಿಮುಕಿಸಿ, ಎಲ್ಲರಿಗೂ ತೀರ್ಥ ಕೊಟ್ಟು, ಮೈನ್ ಸ್ವಿಚ್ಚಿನ ಹಿಡಿ ಮೇಲಕ್ಕೆತ್ತಬೇಕು. ಕೆಂಪು ಬಲ್ಬು ಹತ್ತುತ್ತದೆ, ಕದಿರುಗಳು ಹಾಡುತ್ತವೆ, ಆ ವರ್ಷ ಶುರು. ದಿನವೂ ಸಂಜೆ ಗೂಡಿಗೆ ದೀಪ ಹಚ್ಚುವುದೂ ಅವಳದೇ. ಆಮೇಲೆ ಕರೆಂಟಿಗೆ ಶರಾವತಿಯೂ ಸೇರಿಕೊಂಡಿತು ಎಂದು ನಮಗೆ ಗೊತ್ತಿತ್ತು. ಆದರೆ ಗೂಡಿನಲ್ಲಿ ಮಾತ್ರ ಕಾವೇರಿಯೇ.

ಎಂಬತ್ತರ ದಶಕ ಶುರುವಾದ ಹೊತ್ತಿಗೆ ಸಾಲಿನ ಹಳೆಯ ಮುಖ್ಯಸ್ಥೆ ಮಗನ ಊರಿಗೆ ಹೊರಟುಹೋದರು. ಅವರ ನಂತರ ಹಿರಿಯಳು ಅಕ್ಕ. ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಕಣ್ಣಿಗೆ ಕಾಣದ ಎಳೆ ಕಡಿದರೂ ಬೆರಳಿಗೆ ತಿಳಿಯುತ್ತಿತ್ತು ಅವಳಿಗೆ. ಗಂಟು ಹಾಕಿದ್ದು ಎಲ್ಲಿ ಎಂದು ಆಮೇಲೆ ಯಾರೂ ಹುಡುಕಲಾರರು. ಸೊಂಟಕ್ಕೆ ದಾರ ಕಟ್ಟಿ ಒಂದು ಸಣ್ಣ ಕತ್ತರಿ ಇಳಿಬಿಟ್ಟುಕೊಳ್ಳುವುದು ಮುಖ್ಯಸ್ಥೆಯ ಗುರುತು. ಯಜಮಾನರು ಆ ಕತ್ತರಿಯನ್ನು ಅವಳ ಕೈಗೆ ಕೊಟ್ಟ ದಿನ ಅವಳು ಅದನ್ನು ಎಲ್ಲರಿಗೂ ತೋರಿಸಿಕೊಂಡು ಶೆಡ್ಡು ಸುತ್ತಿದಳು. “ಏನಪ್ಪಾ ಫಿಟ್ಟರೂ, ಇನ್ಮೇಲೆ ನಾನು ಹೇಳಿದ್ಮೇಲೇ ನಿನ್ ಮಿಷಿನ್ ಓಡೋದು, ತಿಳ್ಕೋ!”

ಅಕ್ಕನ ಮನೆ ಮೈಸೂರು ರಸ್ತೆಯ ಆಚೆಯ ಒಂದು ಕೇರಿಯಲ್ಲಿತ್ತು. ಅವಳ ಮನೆಯಲ್ಲಿ ಬುದ್ಧನ ಪಟವಿತ್ತು. ಅವಳು ಯಾವ ಜನ ಎಂದು ಎಲ್ಲರಿಗೂ ಗೊತ್ತಿತ್ತು, ಎಳೆ ಕಟ್ಟುವಾಗ ಯಾರೂ ಅದನ್ನು ನೆನೆಯುತ್ತಿರಲಿಲ್ಲ. ತೀರ್ಥದ ಮಾತು ಬಂದಾಗ ನೆನೆದರು. ನೆನೆದವರಲ್ಲಿ ಮೊದಲನೆಯವರು ಯಜಮಾನರ ತಾಯಿ. ಅವರನ್ನು ಅಮ್ಮನವರು ಎನ್ನುತ್ತಿದ್ದೆವು. ಕೆಟ್ಟವರಲ್ಲ; ಹೆಂಗಸರಿಗೆ ಹೆರಿಗೆಯಾದರೆ ತಾವೇ ನಿಂತು ಖಾರ ಕುಟ್ಟಿಸಿ ಕಳಿಸುತ್ತಿದ್ದರು. ನನಗೆ ಗವಿಪುರದ ಒಂದು ಹುಡುಗಿಯನ್ನು ಗೊತ್ತು ಮಾಡುತ್ತಿದ್ದವರೂ ಅವರೇ. ಗಂಡ ಹೇಳಿಟ್ಟ ಮಾತನ್ನು ಮೀರಲಾರದೆ ಸುಮ್ಮನಿದ್ದರು, ಅಷ್ಟೇ.

ಆ ವರ್ಷ ನೀರು ತರುವ ಸರದಿ ನನ್ನದಾಯಿತು.

ಹೋದೆ, ಹೊಳೆಯಲ್ಲಿ ಮಿಂದೆ, ಚೊಂಬು ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದೆ. ಮಳವಳ್ಳಿಯವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಹತ್ತಿರವೇ ವಡೆಯ ಬುಟ್ಟಿ ಬಂತು. ಈರುಳ್ಳಿ ಕರಿದ ವಾಸನೆ. ಒಂದು ಕೈಯಲ್ಲಿ ಚೊಂಬು ಹಿಡಿದು ಇನ್ನೊಂದರಲ್ಲಿ ತಿನ್ನಬಹುದಿತ್ತು. ಆದರೆ ಚಟ್ನಿಯೂ ಬೇಕೆನಿಸಿತು. ಚೊಂಬನ್ನು ಸೀಟಿನ ಮೇಲೆ ಒರಗಿಸಿಟ್ಟೆ. ಎರಡನೆಯ ವಡೆ ಬಾಯಲ್ಲಿದ್ದಾಗ ಬಸ್ಸು ಜಗ್ಗಿ ಹೊರಟಿತು. ಚೊಂಬು ಉರುಳಿ, ಬಟ್ಟೆ ಬಿಚ್ಚಿ, ನೀರೆಲ್ಲ ಪಕ್ಕದಲ್ಲಿ ಕುಳಿತಿದ್ದವರ ಪಂಚೆಗೆ.

“ಏನ್ರೀ ಇದು, ಪಂಚೆಗೆ ಅಭಿಷೇಕ ಮಾಡ್ತಿದೀರಾ?” ಎಂದರು ಅವರು. ಮನೆಯಲ್ಲಿ ಎಲ್ಲರೂ ನಗುವುದು ಇಲ್ಲೇ.

ಬೆಂಗಳೂರು ಬಂದಾಗ ಸಂಜೆ. ಕಾರ್ಖಾನೆಯ ಹತ್ತಿರ ನೀರು ಹಿಡಿದರೆ ಯಾರಾದರೂ ನೋಡುತ್ತಾರೆಂದು ಮೈಸೂರು ರಸ್ತೆಯಲ್ಲೇ ಇಳಿದು ಒಂದು ಓಣಿ ಹೊಕ್ಕೆ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ನನ್ನ ಕೈಯಲ್ಲಿದ್ದ ಅರಿಸಿನ ಕುಂಕುಮದ ಚೊಂಬು ನೋಡಿ ಒಬ್ಬ ಮುದುಕಿ ತನ್ನ ಕೊಡ ಪಕ್ಕಕ್ಕೆ ಸರಿಸಿದಳು. “ಪೂಜೆ ಚೊಂಬು ಅಲ್ವೇನಪ್ಪಾ? ಹಿಡ್ಕೋ, ನೀನ್ ಮೊದ್ಲು ಹಿಡ್ಕೋ.” ಯಾರೂ ಬೇಡವೆನ್ನಲಿಲ್ಲ. ಆಗಲೇ ನಗರಕ್ಕೆ ಕಾವೇರಿ ನೀರು ಬರುತ್ತಿತ್ತು, ಆ ಕಡೆಯ ನಲ್ಲಿಗಳಲ್ಲೂ ಅದೇ ಎಂದು ಪೇಪರಿನಲ್ಲಿ ಓದಿದ್ದೆ. ಅದೇ ಹೊಳೆ, ಕೊಳವೆಯಲ್ಲಿ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಅದು ಸುಳ್ಳೆಂದು ಅನಿಸುವುದಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಅದು ವಡೆ ಕಥೆಯೇ.

ಪೂಜೆಯ ದಿನ ಅಕ್ಕ ಹೊಸ ಸೀರೆ ಉಟ್ಟು ಬಂದಳು. ಆದರೆ ಅವಳು ಚೊಂಬಿಗೆ ಕೈ ಹಾಕುವ ಮೊದಲೇ ಅಮ್ಮನವರು ಬಂದು, ತಾವೇ ಒಂದು ಬೆಳ್ಳಿ ಲೋಟಕ್ಕೆ ನೀರು ಬಗ್ಗಿಸಿಕೊಂಡು ಅಲ್ಲೇ ಕುಡಿದರು. ಶುಕ್ರವಾರದ ತೀರ್ಥಕ್ಕೆಂದು ಒಂದು ಪುಟ್ಟ ಗಿಂಡಿಯಲ್ಲಿ ಬೇರೆ ತೆಗೆದಿಟ್ಟುಕೊಂಡರು. ಹಿಂದೆಂದೂ ಹಾಗೆ ಮಾಡಿದವರಲ್ಲ. “ಈ ಸಲದ ನೀರು ಎಷ್ಟು ಸಿಹಿಯಾಗಿದೆ!” ಎಂದರು ನನ್ನ ಕಡೆ ನೋಡಿ. ನಾನು ಹಲ್ಲು ಕಿರಿದೆ. ಅಕ್ಕ ಎಲ್ಲವನ್ನೂ ಕಂಡಳು, ಕಾಣದವಳಂತೆ ನಮಗೆಲ್ಲ ತೀರ್ಥ ಕೊಟ್ಟು ಹಿಡಿ ಎತ್ತಿದಳು. ಕೆಂಪು ಬಲ್ಬು ಹತ್ತಿತು.

ಮುಂಗಾರು ಮೊದಲೇ ಸೊರಗಿತ್ತು, ಹಿಂಗಾರೂ ಕೈಕೊಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಅಣೆಕಟ್ಟುಗಳು ಬರಿದಾಗುತ್ತಿವೆ ಎಂಬ ಸುದ್ದಿ, ಅದರ ಹಿಂದೆಯೇ ಪವರ್ ಕಟ್ಟು. ಬೆಳಿಗ್ಗೆ ಕದಿರು ತಿರುಗಿದರೆ ಮಧ್ಯಾಹ್ನ ನಿಲ್ಲುತ್ತಿತ್ತು. ಹೆಂಗಸರು ಅಂಗಳದ ಜಗಲಿಯಲ್ಲಿ ಕುಳಿತು ಕಾಕಡ ಹೂ ಕಟ್ಟುತ್ತ, ಹೇನು ನೋಡಿಕೊಳ್ಳುತ್ತ ಕೆಂಪು ಬಲ್ಬಿನ ಕಡೆಗೇ ಕಣ್ಣಿಟ್ಟಿರುತ್ತಿದ್ದರು. ಕೆಲಸವಿಲ್ಲದ ಬಾಯಿಗೆ ಮಾತು ಬೇಕು. ಇಷ್ಟು ವರ್ಷ ಇಲ್ಲದ್ದು ಈ ವರ್ಷ ಯಾಕೆ ಬಂತು ಎಂದು ಯಾರು ಮೊದಲು ಕೇಳಿದರೋ ಗೊತ್ತಿಲ್ಲ. ಊರಿಗೆಲ್ಲ ಪವರ್ ಕಟ್ಟು ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು.

ಒಂದು ದಿನ ಅಮ್ಮನವರು ನನ್ನನ್ನು ಹಜಾರಕ್ಕೆ ಕರೆಸಿದರು. ಯಜಮಾನರೂ ಅಲ್ಲೇ ಕುಳಿತಿದ್ದರು.

“ನಿಜ ಹೇಳಪ್ಪಾ. ದಾರೀಲಿ ಚೊಂಬು ನೆಲಕ್ಕೆ ಇಟ್ಟಿದ್ಯಾ?”

“ಇಲ್ಲಮ್ಮಾ.” ಇಟ್ಟಿದ್ದು ಸೀಟಿನ ಮೇಲೆ.

“ನೀರು ಹೊಳೇಲೇ ತುಂಬ್ಸಿದ್ದು ತಾನೆ?”

“ಹೌದಮ್ಮಾ.” ತುಂಬಿಸಿದ್ದು ಹೊಳೆಯಲ್ಲೇ. ಚೆಲ್ಲಿದ್ದನ್ನು ಅವರು ಕೇಳಲಿಲ್ಲ.

ಅವರು ಮಗನ ಕಡೆ ತಿರುಗಿದರು. “ಅಂದ್ಮೇಲೆ ನೀರಲ್ಲಿ ದೋಷ ಇಲ್ಲ. ದೋಷ ಇರೋದು ಮುಟ್ಟಿದ ಕೈಯಲ್ಲಿ. ನಾನೇನೂ ಅನ್ನಲ್ಲಪ್ಪ, ನಿನ್ನ ಫ್ಯಾಕ್ಟರಿ, ನಿನ್ನಿಷ್ಟ.”

ಯಜಮಾನರು ನನ್ನ ಮುಖ ನೋಡಿದರು. ಅಮ್ಮನ ಮಾತಿಗೆ ಯಾರಾದರೂ ಅಡ್ಡ ಬರಲಿ ಎಂದು ಅವರು ಕಾಯುತ್ತಿದ್ದರೆಂದು ಈಗ ಅನಿಸುತ್ತದೆ. ಆಗ ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಗವಿಪುರದ ಹುಡುಗಿಯ ಕಡೆಯವರು ಮುಂದಿನ ವಾರ ಬರುವವರಿದ್ದರು. ನಾನು ನೆಲದ ಕೆಂಪು ಗಾರೆ ನೋಡುತ್ತ ನಿಂತೆ. ನಲ್ಲಿ ನೀರೂ ಕಾವೇರಿಯೇ ಎಂದು ನಂಬಿದ್ದವನು ಅದನ್ನು ಅಲ್ಲಿ ಗಟ್ಟಿಯಾಗಿ ಹೇಳಲಿಲ್ಲ. ಚೆಲ್ಲಿದ್ದಕ್ಕೆ, ನಲ್ಲಿಯಲ್ಲಿ ಹಿಡಿದಿದ್ದಕ್ಕೆ ನನಗೆ ಈಗ ನಾಚಿಕೆಯಿಲ್ಲ. ಆ ಹಜಾರದಲ್ಲಿ ತಲೆ ತಗ್ಗಿಸಿದ್ದಕ್ಕೆ ಇದೆ.

ಮರುದಿನ ಅಕ್ಕನಿಗೆ ದೀಪ ಹಚ್ಚುವುದು ಬೇಡವೆಂದರು. ಕೆಲವು ದಿನಗಳಲ್ಲಿ ಸಾಲಿನ ಮೇಲ್ವಿಚಾರಣೆಯೂ ಹೋಯಿತು. ಮೂಲೆಯಲ್ಲಿ ಕುಳಿತು ಕಡಿದ ಎಳೆಗಳ ಕಸದಿಂದ ಒಳ್ಳೆಯದನ್ನು ಆರಿಸುವ ಕೆಲಸ ಕೊಟ್ಟರು. ಸೊಂಟದ ಕತ್ತರಿಯನ್ನು ಮಾತ್ರ ಯಾರೂ ಬಿಚ್ಚಿಸಿಕೊಳ್ಳಲಿಲ್ಲ. ಯಾಕೆ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅವಳು ಜಗಲಿಗೆ ಬರುವುದನ್ನು ಬಿಟ್ಟಳು. ಕರೆಂಟು ಹೋದಾಗ ಕತ್ತಲ ಶೆಡ್ಡಿನೊಳಗೇ ಒಬ್ಬಳೇ ಕುಳಿತಿರುತ್ತಿದ್ದಳು. ಚಳಿಗಾಲ ಮುಗಿದು ಬೇಸಿಗೆ ಬಂತು, ನಾನು ಹಾಗೆಯೇ ಇದ್ದೆ. ದಿನವೂ ಅವಳ ಮುಂದೆಯೇ ಓಡಾಡಿದೆ, ಊಟದ ಡಬ್ಬಿ ಬಿಚ್ಚಿದೆ. ನನ್ನ ನಿಶ್ಚಿತಾರ್ಥವೂ ಆಯಿತು. ಅವಳು ತಾಂಬೂಲ ತೆಗೆದುಕೊಂಡು, “ಒಳ್ಳೇದಾಗ್ಲಿ ಕಣಪ್ಪಾ” ಎಂದಳು. ಕಥೆ ಹೇಳುವಾಗ ನಾನು ಬಿಟ್ಟುಬಿಡುವುದು ಈ ತಿಂಗಳುಗಳನ್ನು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ, ಕರೆಂಟಿಲ್ಲದ ಹೊತ್ತಿನಲ್ಲಿ, ಅಕ್ಕ ನನ್ನ ಬೆಂಚಿನ ಹತ್ತಿರ ಬಂದಳು. ಸೊಂಟದ ಕತ್ತರಿ ಬಿಚ್ಚಿ ಮುಂದಿಟ್ಟಳು.

“ಇದಕ್ಕೊಂಚೂರು ಸಾಣೆ ಹಿಡ್ದು ಕೊಡಪ್ಪಾ. ಮೊಂಡಾಗಿದೆ.”

“ಈಗ್ಯಾಕಕ್ಕಾ?”

“ತಿಂಗ್ಳ ಕೊನೇಗೆ ಬಿಡ್ತಿದೀನಿ. ಊದಿನಕಡ್ಡಿ ಫ್ಯಾಕ್ಟರೀಲಿ ಹೇಳಿದೀನಿ. ಮುಂದೆ ಬರೋಳಿಗೆ ಮೊಂಡು ಕತ್ತರಿ ಕೊಟ್ರೆ ಎಳೆ ಎಲ್ಲ ನಾರು ಬಿಡುತ್ತೆ, ಪಾಪ ಬೈಸ್ಕೋತಾಳೆ.”

ಸಾಣೆಯ ಚಕ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಚಕ್ರದ ಹಿಡಿಯನ್ನು ಅವಳೇ ಹಿಡಿದು ತಿರುಗಿಸಿದಳು, ನಾನು ಕತ್ತರಿ ಒಡ್ಡಿದೆ. ತನ್ನನ್ನು ಮೂಲೆಗೆ ತಳ್ಳಿದ ಜಾಗದ ಕತ್ತರಿಯನ್ನು ಹರಿತ ಮಾಡಲು ತೋಳು ಸೋಲಿಸಿಕೊಳ್ಳುತ್ತಿದ್ದಳು. ನಾನು ಕತ್ತರಿಯನ್ನು ಬೆಂಚಿನ ಮೇಲಿಟ್ಟೆ.

“ಅಕ್ಕಾ, ಆ ನೀರು ಹೊಳೇದಲ್ಲ.”

ಎಲ್ಲವನ್ನೂ ಹೇಳಿದೆ. ವಡೆ, ಪಂಚೆ, ನಲ್ಲಿ, ಹಜಾರ. ಅವಳು ಚಕ್ರ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ತಿರುಗಿಸಿದಳು. ಕೊನೆಗೆ ನಿಲ್ಲಿಸಿ, “ಎಲ್ಲಿ ನಲ್ಲಿ?” ಎಂದಳು.

ಓಣಿಯ ಗುರುತು ಹೇಳಿದೆ. ಮೂಲೆಯಲ್ಲಿ ಸೈಕಲ್ ಅಂಗಡಿ, ಎದುರಿಗೆ ಹುಣಸೆ ಮರ.

“ಅದು ನಮ್ ಕೇರಿ ನಲ್ಲಿ ಕಣೋ!” ಎಂದಳು. ಆಮೇಲೆ ಅವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. “ನಾನು ಮುಟ್ಟಿದ್ದಕ್ಕೆ ಕೆಡ್ತು ಅಂದ್ರು. ನಾನು ಮುಟ್ಟೋಕ್ ಮುಂಚೇನೇ ಅಮ್ಮನವ್ರು ನಮ್ ಕೇರಿ ನೀರು ಕುಡ್ದು ಸಿಹಿ ಅಂದಿದ್ರಲ್ಲೋ!”

ನಗು ನಿಂತಾಗ ಅವಳ ಮುಖ ಬೇರೆಯಾಗಿತ್ತು. ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. “ಸಂಕ್ರಾಂತಿಯಿಂದ ಬಾಯಿ ಮುಚ್ಕೊಂಡಿದ್ದೀಯಲ್ಲೋ. ದಿನಾ ನನ್ ಮುಖ ನೋಡ್ತಿದ್ದೆ. ಹೋಗು, ಹೇಳು. ಅರ್ಧ ಮಾತ್ರ ಹೇಳ್ಬೇಡ.”

ಜಗಲಿಯಲ್ಲಿ ಎಲ್ಲರೂ ಇದ್ದರು. ಅಮ್ಮನವರು ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದರು, ಯಜಮಾನರು ತೆಂಗಿನ ಮರದ ಕೆಳಗೆ ಬೀಸಣಿಗೆ ಹಿಡಿದು ಕುಳಿತಿದ್ದರು. ನಾನು ನಿಂತು ಹೇಳಿದೆ. ಹೊಳೆಯ ನೀರು ಚೆಲ್ಲಿತು, ಬೆಂಗಳೂರಿಗೆ ಬಂದು ನಲ್ಲಿಯಲ್ಲಿ ಹಿಡಿದೆ, ಕೇಳಿದಾಗ ಮುಚ್ಚಿಟ್ಟೆ, ತಪ್ಪೆಲ್ಲ ನನ್ನದು. ಅಷ್ಟಕ್ಕೆ ಕುಳಿತುಬಿಡೋಣ ಅನಿಸಿತು. ಅಕ್ಕ ಶೆಡ್ಡಿನ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

“ಯಾವ ನಲ್ಲಿ ಅಂತಾನೂ ಹೇಳಪ್ಪಾ.”

ಹೇಳಿದೆ. ಎಲ್ಲರ ಕಣ್ಣೂ ಅಮ್ಮನವರ ಮೇಲೆ. ಅವರ ಕೈಯಲ್ಲಿ ಬತ್ತಿ ಅರ್ಧಕ್ಕೆ ನಿಂತಿತ್ತು.

“ವಾರವಾರ ತೀರ್ಥ ಅಂತ ಕುಡ್ದಿದೀನಿ,” ಎಂದರು ಮೆಲ್ಲಗೆ.

ಸಾಲಿನ ಒಬ್ಬ ಬಾಯಿಬಡುಕಿಗೆ ತಡೆಯಲಾಗಲಿಲ್ಲ. “ಮಂಡಿನೋವು ಕಮ್ಮಿ ಆಗಿದೆ ಅಂತ ಮೊನ್ನೆ ನೀವೇ ಅಂತಿದ್ರಲ್ಲಮ್ಮಾ!” ಯಾರೋ ಕಿಸಕ್ಕೆಂದರು. ಯಜಮಾನರು ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿತ್ತು.

ಅಮ್ಮನವರು ನಗಲಿಲ್ಲ. ನನ್ನ ಕಡೆ ನೋಡಿ, “ಆವತ್ತು ಕೇಳ್ದಾಗ ನಿನ್ ನಾಲಿಗೆ ಎಲ್ಲಿ ಅಡವಿಟ್ಟಿದ್ಯೋ?” ಎಂದರು. ಆಮೇಲೆ ದೀಪದ ಎಣ್ಣೆಯ ಬಟ್ಟಲನ್ನು ಅಕ್ಕನ ಕಡೆಗೆ ಸರಿಸಿದರು. ಕ್ಷಮೆ ಕೇಳುವುದು ಅವರಿಗೆ ಅಭ್ಯಾಸವಿರಲಿಲ್ಲ.

ಅಕ್ಕ ಬಟ್ಟಲು ಮುಟ್ಟಲಿಲ್ಲ. “ಇವತ್ತು ನಾನು ಕಸ ಆರ್ಸೋಳು ಅಮ್ಮಾ. ದೀಪ ಹಚ್ಚೋ ಕೆಲ್ಸ ನಂದಲ್ಲ.”

ಯಜಮಾನರು ಎದ್ದುಬಂದರು. “ನಾಳೆಯಿಂದ ಸಾಲು ನಿಂದೇ ಕಣಮ್ಮಾ. ನಾನು ಆವತ್ತೇ ಗಟ್ಟಿಯಾಗಿ ನಿಲ್ಬೇಕಿತ್ತು.”

“ಇರ್ತೀನಿ ಯಜಮಾನ್ರೇ. ಒಂದು ಮಾತು. ಈ ಸಲ ಆಯುಧಪೂಜೆಗೆ ಶಿವನಸಮುದ್ರಕ್ಕೆ ಯಾರೂ ಹೋಗೋದು ಬೇಡ. ಅದೇ ನಲ್ಲೀಲಿ ಹಿಡಿಯೋಣ. ಕದ್ದು ಅಲ್ಲ, ಎಲ್ರಿಗೂ ಗೊತ್ತಿದ್ದು.”

ಅಮ್ಮನವರು ಎದ್ದು ಒಳಗೆ ಹೋದರು. ಯಜಮಾನರು ಆಗಲಿ ಎಂದರು.

ನನ್ನ ಮದುವೆ ಮುರಿಯಲಿಲ್ಲ. ವಡೆಯ ಸಂಗತಿಯನ್ನು ಅಮ್ಮನವರೇ ಗವಿಪುರಕ್ಕೆ ಹೇಳಿ ಕಳಿಸಿದರು. ನನ್ನ ಮಾವನವರು ಸಾಯುವವರೆಗೂ ಹಬ್ಬಕ್ಕೆ ಹೋದಾಗಲೆಲ್ಲ ವಡೆ ಮಾಡಿಸಿ ಮುಂದಿಟ್ಟು ನಗುತ್ತಿದ್ದರು. ಕಥೆ ವಡೆಯದಾಗಿದ್ದು ಅಲ್ಲಿಂದ. ಕಾರ್ಖಾನೆ ಇನ್ನೂ ಅನೇಕ ವರ್ಷ ನಡೆಯಿತು, ಅಷ್ಟೂ ವರ್ಷ ಸಾಲು ಅಕ್ಕನದೇ. ಅವಳ ಮಗಳು ಓದಿ ಸರ್ಕಾರಿ ಕೆಲಸಕ್ಕೆ ಸೇರಿದಾಗ ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಿದಳು, ನನಗೆ ಮಾತ್ರ ಒಂದು ಹೆಚ್ಚು, “ಚೆಲ್ಬೇಡ” ಎಂದು. ಕಳೆದ ವರ್ಷ ಅಕ್ಕ ತೀರಿಕೊಂಡಾಗ ಆ ಮಗಳು ನನ್ನನ್ನು ಕೇಳಿದಳು: “ಮಾಮಾ, ನಮ್ಮಮ್ಮ ನಿಮ್ ವಡೆ ಕಥೆ ಕೇಳ್ದಾಗೆಲ್ಲ ಕೊನೇಗೆ ಸುಮ್ನಾಗ್ಬಿಡೋರು. ಯಾಕೆ?” ಅವಳಿಗೆ ಅಂದು ಪೂರ್ತಿ ಹೇಳಿದೆ. ಹೇಳಿದ ಮೇಲೆ ಬರೆಯುವ ಧೈರ್ಯ ಬಂತು.

ನಾನು ನಲ್ಲಿಯ ವಿಷಯ ಒಪ್ಪಿಕೊಂಡ ಆ ವರ್ಷ ಮುಂಗಾರು ಚೆನ್ನಾಗಿಯೇ ಹಿಡಿಯಿತು. ಆಯುಧಪೂಜೆಯ ಬೆಳಿಗ್ಗೆ ಅಕ್ಕ ಮುಂದೆ, ಚೊಂಬು ಹಿಡಿದು ನಾನು ಹಿಂದೆ, ಮೈಸೂರು ರಸ್ತೆ ದಾಟಿ ಹೋದೆವು. ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಹಿಂದಿನ ವರ್ಷದ ಮುದುಕಿಯೇ ಮತ್ತೆ ಕೊಡ ಸರಿಸಲು ಬಗ್ಗಿದಳು.

“ಬೇಡಜ್ಜಿ,” ಎಂದಳು ಅಕ್ಕ. “ಇವ್ನು ಸಾಲಲ್ಲೇ ನಿಂತ್ಕೊಳ್ಲಿ.”

ನಿಂತೆ. ಬಿಸಿಲು ಹುಣಸೆ ಮರದ ಮೇಲಕ್ಕೆ ಬರುವವರೆಗೆ ನಿಂತು, ನನ್ನ ಸರದಿ ಬಂದಾಗ ಹಿಡಿದೆ. ಕೈ ಸೋತರೂ ಚೊಂಬನ್ನು ಎಲ್ಲೂ ಇಡದೆ ತಂದೆ.

ಶೆಡ್ಡಿನಲ್ಲಿ ಅಕ್ಕ ಯಂತ್ರಗಳಿಗೆ ನೀರು ಚಿಮುಕಿಸಿ, ತೀರ್ಥ ಕೊಡಲು ತಿರುಗಿದಳು. ಅಮ್ಮನವರು ಬರುವುದಿಲ್ಲವೇನೋ ಅಂದುಕೊಂಡಿದ್ದೆವು. ಬಂದರು. ಕೈಯಲ್ಲಿ ಬೆಳ್ಳಿ ಲೋಟವಿತ್ತು. ಅಕ್ಕ ಉದ್ಧರಣೆ ಎತ್ತಿ ಹಿಡಿದು ಕಾದಳು. ಅಮ್ಮನವರು ಲೋಟವನ್ನು ನೋಡಿದರು, ಚೊಂಬನ್ನು ನೋಡಿದರು. ಆಮೇಲೆ ಲೋಟವನ್ನು ನನ್ನ ಕೈಗೆ ತುರುಕಿ, ಬಲ ಅಂಗೈಯನ್ನು ಗುಳಿ ಮಾಡಿ ಅಕ್ಕನ ಮುಂದೆ ಒಡ್ಡಿದರು.

ಅಕ್ಕ ನೀರು ಬಿಟ್ಟಳು. ಅವರು ಕುಡಿದು, ಒದ್ದೆ ಕೈಯನ್ನು ಕಣ್ಣಿಗೂ ಮಂಡಿಗೂ ಒತ್ತಿಕೊಂಡರು.

“ಹೇಗಿದೆ ಅಮ್ಮಾ ಈ ಸಲದ್ದು?” ಎಂದಳು ಅಕ್ಕ.

“ಹೋದ ಸಲದ್ದೇ,” ಎಂದರು ಅಮ್ಮನವರು. “ಹಿಡಿ ಎತ್ತೇ, ಹೊತ್ತಾಯ್ತು.”